ಹತ್ತಿ ಅಕ್ಕನ ಅಂಗಳದ ನೀರು

ಜೋರು ಮಳೆ ಸುರಿದು ನಿಂತ ಮರುದಿನ ಬೆಳಿಗ್ಗೆ. ಬೀದಿಯ ಮೇಲ್ತುದಿಯಲ್ಲಿ ಹಾಸಿಗೆ ಹೊಲಿಯುವ ಅಕ್ಕ ಅಂಗಳ ಗುಡಿಸುತ್ತಿದ್ದಳು. ಬೀದಿಯವರೆಲ್ಲ ಅವಳನ್ನು ಹತ್ತಿ ಅಕ್ಕ ಅಂತಲೇ ಕರೆಯುವುದು. ಹೋದ ವರ್ಷ ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿ, ಒಂದು ಹನಿಯೂ ನಿಲ್ಲದಂತೆ ಬೀದಿಯ ಕಡೆಗೆ ಇಳಿಜಾರು ಕೊಡಿಸಿದ್ದಳು. ಹತ್ತಿಗೆ ಮಣ್ಣು ತಾಗಬಾರದಲ್ಲ! ಆ ಅಂಗಳವೆಂದರೆ ಅವಳಿಗೆ ಬಲು ಹೆಮ್ಮೆ.

ಅಷ್ಟರಲ್ಲಿ ಕೆಳತುದಿಯ ತೊರೆ ಪಕ್ಕದಲ್ಲಿರುವ ತಂಗಿ, ಒದ್ದೆ ಹಾಸಿಗೆಯನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದಳು.

"ಮತ್ತೆ ನೀರು ನುಗ್ಗಿತೇನೇ?"

"ಮಂಡಿವರೆಗೆ. ಕಾಲಿಲ್ಲದ ಮಾವನ್ನ ಮೇಜಿನ ಮೇಲೆ ಮಲಗಿಸಿದ್ವಿ. ಇನ್ನು ನನ್ನ ಕೈಲಾಗಲ್ಲ ಅಕ್ಕಾ. ಇವತ್ತಿನ ಊರ ಸಭೆಯಲ್ಲಿ, ಮೋರಿ ಸರಿಮಾಡೋಕೆ ಅಂತ ಕೇಳ್ತಿರೋ ಮಳೆನೀರಿನ ಶುಲ್ಕ ಬೇಡ ಅಂತಾದ್ರೆ, ಮನೆ ಮಾರಿ ಹೊರಟುಬಿಡ್ತೀವಿ."

ಅಕ್ಕ ಗುಡಿಸುವುದನ್ನು ನಿಲ್ಲಿಸಿದಳು. ಆದರೂ ಬಾಯಿ ಸುಮ್ಮನಿರಬೇಕಲ್ಲ!

"ಆಕಾಶದಿಂದ ಬೀಳೋ ನೀರಿಗೂ ದುಡ್ಡಾ? ನಾಳೆ ಬಿಸಿಲಿಗೂ ಕೇಳ್ತಾರೆ! ನನ್ನ ಅಂಗಳದಲ್ಲಿ ಒಂದು ಹನಿ ನಿಲ್ಲಲ್ಲ, ನಾನ್ಯಾಕೆ ಕೊಡ್ಲಿ?"

"ನಿಲ್ಲದ ನೀರು ಎಲ್ಲಿಗೆ ಹೋಗುತ್ತೆ, ಬಾ ತೋರಿಸ್ತೀನಿ."

ಪೊರಕೆ ಹಿಡಿದೇ ಅಕ್ಕ ಇಳಿದು ಬಂದಳು. ಕಸ ಕಟ್ಟಿಕೊಂಡಿದ್ದ ಮೋರಿಯ ಬಾಯಿಂದ ತಂಗಿಯ ಗಂಡ ಗುದ್ದಲಿಯಲ್ಲಿ ಕೆಸರು ಎಳೆಯುತ್ತಿದ್ದ. ಕೆಸರಿನ ತುಂಬ ಹತ್ತಿಯ ಮುದ್ದೆ, ಹಸಿರು ದಾರದ ತುಂಡು. ಆ ಬೀದಿಯಲ್ಲಿ ಹಸಿರು ದಾರದಲ್ಲಿ ಹೊಲಿಯುವವಳು ಒಬ್ಬಳೇ. ಅಕ್ಕನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಇದು ನಾನು ಗುಡಿಸಿದ್ದು ಕಣೇ."

"ನಿನ್ನೊಬ್ಬಳದೇ ಅಲ್ಲಕ್ಕಾ. ಗೋದಾಮಿನ ಚಾವಣಿ ನೀರು, ಅಂಗಡಿ ಸಾಲಿನ ನೀರು, ಎಲ್ಲ ಒಂದೇ ಸಲ ತೊರೆಗೆ ನುಗ್ಗುತ್ತೆ. ದಡ ಕುಸಿಯುತ್ತೆ, ನಮ್ಮನೆ ಮುಳುಗುತ್ತೆ. ಮನೆಗಂದಾಯ ದೀಪಕ್ಕೆ, ರಸ್ತೆಗೇ ಮುಗಿದುಹೋಗುತ್ತೆ. ಈ ಶುಲ್ಕ ಬೇರೆ ಖಾತೆಗೆ. ಹೂಳೆತ್ತೋಕೆ, ಮೋರಿ ಅಗಲ ಮಾಡೋಕೆ, ತೊರೆ ದಡದಲ್ಲಿ ಗಿಡ ನೆಡೋಕೆ ಮಾತ್ರ. ಚಾವಣಿ, ಸಿಮೆಂಟು ಎಷ್ಟಿದೆಯೋ ಅದರ ಮೇಲೆ ಶುಲ್ಕ. ಗೋದಾಮಿಗೆ ಜಾಸ್ತಿ, ನಿನಗೆ ಕಮ್ಮಿ. ನೀರು ಇಂಗೋಕೆ ಜಾಗ ಬಿಟ್ರೆ ಇನ್ನೂ ರಿಯಾಯಿತಿ."

"ಆ ದುಡ್ಡು ಯಾರಾದ್ರೂ ನುಂಗಿಹಾಕಿದ್ರೆ?"

"ಪ್ರತಿ ವರ್ಷ ಸಭೆಯಲ್ಲಿ ಲೆಕ್ಕ ಒಪ್ಪಿಸಬೇಕು. ಒಪ್ಪಿಸದಿದ್ರೆ ನಿನ್ನ ಬಾಯಿ ಇದೆಯಲ್ಲ!"

ಅಕ್ಕ ನಕ್ಕಳು, ಕಣ್ಣೊರೆಸಿಕೊಂಡಳು.

ಸಂಜೆ ಸಭೆಯಲ್ಲಿ ಶುಲ್ಕ ಬೇಕು ಅಂತ ಮೊದಲು ಮೇಲೆದ್ದದ್ದು ಅವಳದೇ ಕೈ. ಪಕ್ಕದ ಮನೆಯವರು ಕಣ್ಣರಳಿಸಿದರು. "ಏನಕ್ಕಾ, ನಿನ್ನೆವರೆಗೂ ಬೇಡ ಬೇಡ ಅಂತಿದ್ದೆ?"

"ನಿನ್ನೆವರೆಗೂ ನನ್ನ ಅಂಗಳ ಮಾತ್ರ ನೋಡಿದ್ದೆ. ಇವತ್ತು ತಂಗಿ ಮನೆ ನೋಡಿದೆ. ನೀವೂ ಕೈ ಎತ್ತಿ!"

ಒಂದೊಂದಾಗಿ ಕೈಗಳು ಎದ್ದವು. ಶುಲ್ಕ ಪಾಸಾಯಿತು. ಮರುದಿನವೇ ಅಕ್ಕ ಹಾರೆ ಹಿಡಿದು ಅಂಗಳದ ಅಂಚಿನ ಸಿಮೆಂಟು ಒಡೆದು ಗಿಡ ನೆಟ್ಟಳು. ಹತ್ತಿಯ ಕಸಕ್ಕೆ ಒಂದು ಚೀಲ ತೂಗುಹಾಕಿದಳು.

ಮೋರಿ ಅಗಲವಾದ ಮೇಲೆ ಮತ್ತೆ ಜೋರು ಮಳೆ ಬಂತು. ತಂಗಿಯ ಮಾವ ಅಕ್ಕ ಹೊಲಿದುಕೊಟ್ಟ ಹೊಸ ಹಾಸಿಗೆಯ ಮೇಲೆ ಗೊರಕೆ ಹೊಡೆಯುತ್ತಿದ್ದರು, ಮೇಜಿನ ಮೇಲಲ್ಲ, ನೆಲದ ಮೇಲೆ.

ಈಗ ನೀವು ಹೇಳಿ, ನಿಮ್ಮ ಅಂಗಳದ ನೀರು ಯಾರ ಬಾಗಿಲಿಗೆ ಹೋಗುತ್ತದೆ? ಮುಂದಿನ ಮಳೆಗೆ ಮುಂಚೆ ಒಮ್ಮೆ ಇಳಿದು ಹೋಗಿ ನೋಡಿ. ಸಭೆಗೆ ಬನ್ನಿ, ನಿಮ್ಮ ಪಾಲು ಕಟ್ಟಿ, ಗಟ್ಟಿ ದನಿಯಲ್ಲಿ ಲೆಕ್ಕ ಕೇಳಿ. ಕೆಳಗಿನ ಮನೆಯವರೂ ನಮ್ಮವರೇ.