ಟಗರಿನ ರಕ್ತ

ಕಂದು ಹಾಕಿದ್ದು ಕುರಿಗಳು, ರಕ್ತ ತಂದದ್ದು ಟಗರುಗಳದ್ದು! ಗೆದಾರೆಫ್‌ನ ನಮ್ಮ ಪ್ರಯೋಗಾಲಯದಲ್ಲಿ ಸೀಸೆಗಳ ಮೇಲಿನ ಚೀಟಿ ಓದಿದ ನನಗೆ ಮೈಯೆಲ್ಲ ಉರಿದುಹೋಯಿತು. ಮಳೆ ಮುಗಿದ ಮೇಲೆ ಬುತಾನಾ ಬಯಲಲ್ಲಿ ಕುರಿಗಳು ಸಾಲುಸಾಲಾಗಿ ಗರ್ಭ ಕಳೆದುಕೊಳ್ಳುತ್ತಿವೆ ಎಂಬ ಸುದ್ದಿಗೆ ಡಾಕ್ಟರ್ ಮುತಸಿಮ್ ಹೋಗಿ ಬಂದಿದ್ದರು. ರಕ್ತದಲ್ಲಿ ರೋಗದ ಗುರುತಿದ್ದರೆ ಪರೀಕ್ಷೆಯ ತಟ್ಟೆಯ ಗುಳಿ ಹಳದಿಯಾಗಬೇಕು; ಒಂದೂ ಆಗಲಿಲ್ಲ. "ಕಣಿವೆ ಜ್ವರ ಇಲ್ಲ" ಎಂದು ಸಾರಿಯೂಬಿಟ್ಟರು.

"ಏನ್ರೀ ಇದು? ಟಗರೂ ಮರಿ ಹಾಕ್ತಾವಾ?" ಎಂದೆ.

"ಹಾಜ್ ಕರ್ರಾರ್ ಅವರೇ ಆರಿಸಿ ಕೊಟ್ರಮ್ಮ. ಕುರಿ ಅವರದು. ನೆಂಟರ ಮುಂದೆ ರೋಗದ ಕುರಿ ತಂದು ನಿಲ್ಲಿಸ್ತಾರಾ? ಬೇಡ ಅಂದ್ರೆ ಅವರ ಮರ್ಯಾದೆ ಏನಾಗ್ಬೇಕು?"

ಮರ್ಯಾದೆಯಂತೆ, ಮಣ್ಣಂತೆ! ಆ ಟಗರುಗಳು ಗುಡ್ಡದ ಕಡೆ ಮೇಯ್ದು ಹಿಂದಿನ ದಿನವಷ್ಟೇ ಇಳಿದಿದ್ದವು. ಈ ಜ್ವರ ಹರಡುವ ಬಯಲಿನ ಸೊಳ್ಳೆ ಅವನ್ನು ಕಂಡೇ ಇರಲಿಲ್ಲ. ಯಾವ ಪ್ರಾಣಿಯ ರಕ್ತ ತೆಗೆಯಬೇಕೆಂದು ರೋಗ ಹುಡುಕುವವನೇ ಆರಿಸದಿದ್ದರೆ ಯಂತ್ರ ಎಷ್ಟು ದೊಡ್ಡದಿದ್ದು ಏನು ಬಂತು? ಮರುದಿನ ಮುತಸಿಮ್‌ರನ್ನೂ ಎಳೆದುಕೊಂಡು ಜೀಪು ಹತ್ತಿದೆ.

ಬಿಡಾರದಲ್ಲಿ ಹಾಜ್ ಕರ್ರಾರ್ ನಮಗೆಂದು ಆಗಲೇ ಕುರಿ ಕಡಿಸಿದ್ದರು. ಶುಂಠಿ ಕಾಫಿ ಬಂತು. ಬಟ್ಟಲನ್ನು ತುಟಿಗೆ ತಾಗಿಸದೆ ಕೆಳಗಿಟ್ಟೆ. ಕೇಳಿದ್ದು ಕೊಡುವ ತನಕ ಅತಿಥಿ ಕುಡಿಯುವುದಿಲ್ಲ ಎಂದರೆ ಆ ಕಡೆ ಮನೆಯೊಡೆಯನ ಜೀವ ಬಾಯಿಗೆ ಬರುತ್ತದೆ.

"ಕುಡಿ ಮಗಳೇ. ಏನ್ ಬೇಕೋ ಕೇಳು."

"ಕಂದು ಹಾಕಿದ ಕುರಿಗಳು ಬೇಕು."

"ಅಯ್ಯೋ, ಅದೇನು ನೆಂಟರಿಗೆ ತೋರಿಸೋ ವಸ್ತುವಾ?"

"ಹಾಗಾದ್ರೆ ಈ ಕಾಫಿ ಚೆಲ್ಲಿಬಿಡಿ, ಹಾಜಿಯವರೇ."

ಮುದುಕರು ಹಲ್ಲು ಕಚ್ಚಿಕೊಂಡು ಎದ್ದರು. ಮುಳ್ಳುಬೇಲಿಯ ಹಿಂದೆ ಕುರಿಗಳು ಬಿದ್ದುಕೊಂಡಿದ್ದವು. ಅವರ ಸೊಸೆ ಬತೂಲ್ ಬರಿಗೈಯಲ್ಲಿ ಒಂದು ಸತ್ತ ಮರಿಯನ್ನು ತಾಯಿಯ ಹೊಟ್ಟೆಯಿಂದ ಎಳೆಯುತ್ತಿದ್ದಳು. ಅವಳ ಕಣ್ಣು ಕೆಂಪಾಗಿತ್ತು, ಮೈ ಮುಟ್ಟಿದರೆ ಸುಡುತ್ತಿತ್ತು. ಮನುಷ್ಯರಿಗೂ ಅಂಟುವ ಜ್ವರ ಅದು. ಕುರಿಗಳ ರಕ್ತವನ್ನೂ ಮರಿಯ ಯಕೃತ್ತಿನ ಚೂರನ್ನೂ ಮಂಜುಗಡ್ಡೆಯ ಪೆಟ್ಟಿಗೆಗೆ ಹಾಕಿ, ಅವಳನ್ನು ಅದೇ ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದೆ.

ಈ ಸಲ ಗುಳಿಗಳು ಹಳದಿಯಾದವು. ಕುರಿಸಂತೆ ಮುಚ್ಚಿಸಿದರು, ಲಾರಿಗಳನ್ನು ತಡೆದರು. ಬತೂಲಳ ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ.

ನಾನೂ ಮುತಸಿಮ್ ಅವರೂ ನೋಡಲು ಹೋದಾಗ ಅವಳು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು.

"ಮೊದಲನೇ ಸಲ ಜೀಪು ಬಂದಾಗಲೇ ಬೇಲಿ ಹಿಂದಿಂದ ಕೂಗಿದ್ದೆ, ಡಾಕ್ಟರಮ್ಮ. ಇಲ್ಲಿ ಬನ್ನಿ, ಇಲ್ಲಿ ಸಾಯ್ತಾ ಇದಾವೆ ಅಂತ. ಗಂಟಲು ಕಟ್ಟೋವರೆಗೂ ಕೂಗಿದೆ. ಆಗಿನ್ನೂ ನಂಗೆ ಜ್ವರ ಬಂದಿರಲಿಲ್ಲ."

ನಾನು ಮುತಸಿಮ್ ಕಡೆ ತಿರುಗಿದೆ. "ಕೇಳಿಸ್ಲಿಲ್ವೇನ್ರೀ ನಿಮಗೆ?"

"ಕೇಳಿಸ್ತು," ಎಂದರು. "ಊಟಕ್ಕೆ ಕೂತಿದ್ವಲ್ಲಮ್ಮ, ಮಧ್ಯದಲ್ಲಿ ಹೇಗೆ ಏಳೋದು?"