ಅಳತೆಗೆ ಹೊಲಿದ ಜಾಹೀರಾತು

ಅಂಥ ಜಾಹೀರಾತನ್ನು ಭೂಮಿ ಹುಟ್ಟಿದಂದಿನಿಂದ ಯಾರೂ ಬರೆದಿರಲಿಲ್ಲ. ಗೋದಾಮಿನ ಯಾವ ಪೆಟ್ಟಿಗೆ ಯಾವ ಕಪಾಟಿಗೆ ಹೋಗಬೇಕೆಂದು ಹೇಳುವ ಮುದಿ ಪ್ರೋಗ್ರಾಮೊಂದರ ನರನಾಡಿ ಗೊತ್ತಿರಬೇಕು, ಅದರ ಮೂರು ಕಳ್ಳದಾರಿ ಗೊತ್ತಿರಬೇಕು, ಅದರೊಡನೆ ಏಳು ವರ್ಷ ಗುದ್ದಾಡಿರಬೇಕು. ಮೂರು ಲೋಕ ಜಾಲಾಡಿದರೂ ಅದಕ್ಕೆ ಹೊಂದುವ ಪ್ರಾಣಿ ಒಂದೇ: ಆ ಜಾಹೀರಾತನ್ನು ಬರೆದ ಇಂಜಿನಿಯರ್.

ಬರೆಸಿದವನು ಮ್ಯಾನೇಜರ್. ಇಂಜಿನಿಯರ್ ಹೊರದೇಶದವನು. ಅವನ ವೀಸಾ ಮುಂದುವರಿಯಬೇಕಾದರೆ, ಆ ಕೆಲಸಕ್ಕೆ ಈ ದೇಶದವರು ಯಾರೂ ಸಿಗಲಿಲ್ಲವೆಂದು ಕಂಪನಿ ತೋರಿಸಬೇಕು.

"ನಿನ್ನ ಅಳತೆಗೇ ಅಂಗಿ ಹೊಲಿದುಬಿಡಪ್ಪ. ಸಂದರ್ಶನದ ಏಳು ಪ್ರಶ್ನೆನೂ ನೀನೇ ಬರಿ. ಬ್ರಹ್ಮ ಬಂದ್ರೂ ಬೆವರಬೇಕು."

ಏಳನೆಯ ಪ್ರಶ್ನೆಗೆ ಇಂಜಿನಿಯರನೇ ಬೆವರುತ್ತಿದ್ದ. ತಿಂಗಳ ಕೊನೆಯ ದಿನ ಮಾತ್ರ ಪೆಟ್ಟಿಗೆಗಳೇಕೆ ದಾರಿ ತಪ್ಪುತ್ತವೆ? ಏಳು ವರ್ಷದಲ್ಲಿ ಅವನ ಅರ್ಧ ತಲೆಗೂದಲು ತಿಂದು ತೇಗಿದ ಪ್ರಶ್ನೆ ಅದು.

ಅಷ್ಟೇ ವರ್ಷದಿಂದ ಮನೆಯ ಕಿಟಕಿಗಳಿಗೆ ಪರದೆಯಿಲ್ಲ. ಹಳೇ ಹೊದಿಕೆಗೆ ಮೊಳೆ ಹೊಡೆದಿತ್ತು. ನಾಳೆ ಹೊರಡಿ ಎಂದರೆ ಪರದೆಯನ್ನೇನು ಹೊತ್ತುಕೊಂಡು ಹೋಗುವುದೇ?

"ರೀ, ಈ ಸಲವಾದ್ರೂ ತರ್ಲಾ?" ಎಂದಳು ಹೆಂಡತಿ. "ಬಟ್ಟೆ ಮುಟ್ಟಿ ಮುಟ್ಟಿ ಅಂಗಡಿಯವನಿಗೆ ನೆಂಟಳೇ ಆಗ್ಬಿಟ್ಟಿದೀನಿ."

"ಗುರುವಾರ ಸಂದರ್ಶನದ ದಿನ. ಅಲ್ಲೀವರೆಗೆ ತಡ್ಕೋ."

"ತಡ್ಕೊಂಡು ತಡ್ಕೊಂಡೇ ಮಗಳು ನನ್ನ ಭುಜದೆತ್ತರ ಬಂದ್ಲು."

ಜಾಹೀರಾತು ಪತ್ರಿಕೆಯ ಮೂಲೆಯಲ್ಲಿ, ಕಳೆದುಹೋದ ನಾಯಿಗಳ ಕೆಳಗೆ, ಇರುವೆಯೂ ಕನ್ನಡಕ ಹುಡುಕುವಷ್ಟು ಸಣ್ಣ ಅಕ್ಷರದಲ್ಲಿ ಬಂತು. ಆದರೂ ಒಂದು ಅರ್ಜಿ ಬಿತ್ತು.

ಗುರುವಾರ ಊಟದ ಕೋಣೆಯ ಟಿವಿಯಲ್ಲಿ ಅದೇ ಜಗಳ. "ಹೊರಗಿನವರು ಬಂದು ನಮ್ಮ ಕೆಲಸ ಕಿತ್ಕೊಂಡ್ರು!" ಎಂದು ಒಬ್ಬ. "ಆ ಕೆಲಸ ಬಲ್ಲವರು ನಮ್ಮಲ್ಲೆಲ್ಲಿದ್ದಾರೆ?" ಎಂದು ಇನ್ನೊಬ್ಬ. ಇಂಜಿನಿಯರ್ ಎರಡನೆಯವನಿಗೆ ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿ ಸಂದರ್ಶನಕ್ಕೆ ನಡೆದ.

ಅರ್ಜಿ ಹಾಕಿದ್ದ ಹೆಂಗಸು ಕೂರುವ ಮೊದಲೇ ನಕ್ಕರು. "ನನ್ನನ್ನ ಟಿಪ್ಪಣಿ ಅಜ್ಜಿ ಅಂತೀರಂತೆ? ಗೇಟಿನವನು ಹೇಳಿದ. ನನಗಿನ್ನೂ ಐವತ್ತೆರಡಪ್ಪ!"

ಆ ಹೆಸರಿಟ್ಟವನು ಇಂಜಿನಿಯರನೇ. ಆ ಪ್ರೋಗ್ರಾಮಿನ ಸಾಲು ಸಾಲಿನಲ್ಲೂ ಅದನ್ನು ಮೊದಲು ಬರೆದವರು ಯಾರೋ ಟಿಪ್ಪಣಿ ಬರೆದಿಟ್ಟಿದ್ದರು: 'ಇಲ್ಲಿ ಕೈ ಹಾಕಬೇಡಿ, ಸುಟ್ಟೀತು.' 'ಇಲ್ಲಿ ಬಗ್ಗಿ ನಡೆಯಿರಿ.' ಅವನು ಕಲಿತದ್ದೆಲ್ಲ ಆ ಟಿಪ್ಪಣಿಗಳಿಂದಲೇ. ಕಲಿತದ್ದನ್ನೇ ಜಾಹೀರಾತಿನಲ್ಲಿ ಸುರಿದಿದ್ದ. ತನ್ನ ಅಳತೆಯೆಂದುಕೊಂಡು ಗುರುವಿನ ಅಳತೆಗೆ ಅಂಗಿ ಹೊಲಿದಿದ್ದ.

ಆರು ಪ್ರಶ್ನೆಗಳನ್ನು ಆಕೆ ಕಡಲೆಕಾಯಿ ಬಿಡಿಸಿದಂತೆ ಬಿಡಿಸಿಟ್ಟರು. ಏಳನೆಯದಕ್ಕೆ, "ಅಯ್ಯೋ, ಅದಿನ್ನೂ ಹಾಗೇ ಇದೆಯಾ? ಕೊನೇ ದಿನ ಸ್ಟಾಕ್ ಎಣಿಸೋವಾಗ ಕಪಾಟಿನ ಪಟ್ಟಿ ಎರಡು ಸಲ ಲೋಡ್ ಆಗುತ್ತೆ. ಎರಡನೇದನ್ನ ತಡೆದ್ರೆ ಸಾಕು. ತಡೆಯೋಷ್ಟರಲ್ಲಿ ನನ್ನೇ ಕೆಲಸದಿಂದ ತೆಗೆದ್ರು."

"ಸರೀನಾ ಇದು?" ಮ್ಯಾನೇಜರ್ ಇವನತ್ತ ತಿರುಗಿದ.

"ಆಮೇಲೆ ಬರೆದು ಕೊಡ್ತೀನಿ ಸರ್."

ಆಕೆ ಚೀಲ ಹೆಗಲಿಗೇರಿಸಿದರು. "ಏಳು ವರ್ಷದಿಂದ ಚಪ್ಪಲಿ ಅಂಗಡೀಲಿ ಬಿಲ್ ಹಾಕ್ತಿದೀನಿ. ಸೋಮವಾರವೇ ಬಾ ಅಂದ್ರೂ ಬರ್ತೀನಿ."

ವರದಿಯಲ್ಲಿ ಎರಡು ಚೌಕ: ಅರ್ಹ, ಅನರ್ಹ. ಪೆನ್ನು ಬೆಟ್ಟದಷ್ಟು ಭಾರವಾಯಿತು. ಅನರ್ಹ ಎಂಬಲ್ಲಿ ಗುರುತು ಹಾಕಿ, 'ಏಳನೆಯ ಉತ್ತರ ತಪ್ಪು' ಎಂದು ಬರೆದ. ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿದ. "ಪರದೆ ತಗೊಂಡ್ಬಿಡು."

ತಿಂಗಳ ಕೊನೆಯ ದಿನ ಬೆಳಿಗ್ಗೆ ನಾನೂರು ಪೆಟ್ಟಿಗೆಗಳು ಕುರುಡು ಕುರಿಗಳಂತೆ ಅಲೆದವು. ಮ್ಯಾನೇಜರನ ಕೂಗಿಗೆ ಛಾವಣಿ ಹಾರಿಹೋಗುವುದೊಂದು ಬಾಕಿ. ಇಂಜಿನಿಯರ್ ಎರಡನೆಯ ಲೋಡನ್ನು ತಡೆಯುವ ಒಂದೇ ಒಂದು ಸಾಲು ಬರೆದ. ಹೊಸ ಸಾಲು ಸೇರಿಸಿದಾಗಲೆಲ್ಲ ಕೇಳಲು ಆಕೆ ಕಲಿಸಿದ್ದಂತೆ ಪ್ರೋಗ್ರಾಮ್ ಕೇಳಿತು: 'ಈ ಉಪಾಯ ಹೇಳಿದವರು?'

ಖಾಲಿ ಬಿಟ್ಟ, ಒಪ್ಪಲಿಲ್ಲ. ಚುಕ್ಕೆ ಇಟ್ಟ, ಒಪ್ಪಲಿಲ್ಲ. ಆಕೆಯ ಹೆಸರು ಬರೆದರೆ ವರದಿಯ ಸುಳ್ಳಿಗೆ ತಾನೇ ಸಾಕ್ಷಿ ಹೇಳಿದಂತೆ. ತನ್ನ ಹೆಸರು ಬರೆದ. ತಕ್ಷಣ ಒಪ್ಪಿಕೊಂಡಿತು. ಅನುಮಾನಪಡುವುದನ್ನು ಆಕೆ ಅದಕ್ಕೆ ಕಲಿಸಿರಲಿಲ್ಲ.

ಪೆಟ್ಟಿಗೆಗಳು ಸಾಲುಹಿಡಿದು ತಮ್ಮ ತಮ್ಮ ಜಾಗ ಸೇರಿದವು.

"ನಿನ್ನಂಥವನು ಈ ದೇಶದಲ್ಲಿ ಎಲ್ಲಿ ಸಿಗ್ತಾನಪ್ಪ!" ಮ್ಯಾನೇಜರ್ ಬೆನ್ನು ಚಪ್ಪರಿಸಿದ.

ಸಂಜೆ ಮನೆಯಲ್ಲಿ ಹೊಸ ಪರದೆ ತೂಗುತ್ತಿತ್ತು. "ಬಣ್ಣ ಹೇಗಿದೆ ರೀ?" ಎಂದು ಹೆಂಡತಿ ಮೂರು ಸಲ ಕೇಳಿದಳು. ಅವನು ಕಿಟಕಿಗೆ ಬೆನ್ನು ಹಾಕಿ ಕೂತು, ಚೆನ್ನಾಗಿದೆ ಎಂದ.