ಎರಡನೆಯ ಹೆಸರು

ಆ ಆಸ್ಪತ್ರೆಯ ಲ್ಯಾಬಿಗೆ ಅಕ್ಕ ಮುಖ್ಯಸ್ಥೆ, ತಂಗಿ ಟೆಕ್ನಿಷಿಯನ್. ಹೆತ್ತವರು ಹೋದಾಗ ತಂಗಿಗೆ ಏಳು ವರ್ಷ, ಅಕ್ಕನಿಗೆ ಇಪ್ಪತ್ತು. ಓದಿಸಿದ್ದು, ಕೆಲಸ ಕೊಡಿಸಿದ್ದು, ಮದುವೆ ಮಾಡಿಸಿದ್ದು ಎಲ್ಲ ಅಕ್ಕನೇ. ತನ್ನ ಮದುವೆಯನ್ನು ಈ ವರ್ಷ, ಆ ವರ್ಷ ಎಂದು ದೂಡುತ್ತ ಕೊನೆಗೆ ಕೈಬಿಟ್ಟಳು. ಅದನ್ನು ತಾನೂ ಮರೆಯಲಿಲ್ಲ, ತಂಗಿಗೂ ಮರೆಯಲು ಬಿಡಲಿಲ್ಲ. ರೋಗಿಗಳ ರಕ್ತ ಹಾಕಿ ಬೆಳೆಸುವ ಪ್ಲೇಟಿನ ಮುಚ್ಚಳ ತೆಗೆದು ಮೂಸಿ, ಬೆಳೆದಿರುವುದು ಯಾವ ಬ್ಯಾಕ್ಟೀರಿಯಾ ಎಂದು ಹೇಳುವ ಹಳೇ ಚಾಳಿ ಆಕೆಗಿತ್ತು. ಹತ್ತರಲ್ಲಿ ಎಂಟು ಸಲ ಸರಿಯಾಗಿಯೇ ಇರುತ್ತಿತ್ತು. ಹಿಂದಿನಿಂದ ಎಲ್ಲರೂ ಆಕೆಯನ್ನು ಮೂಗಮ್ಮ ಎನ್ನುತ್ತಿದ್ದರು.

ತಂಗಿಯದು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರದ ಕೆಲಸ. ಪ್ಲೇಟಿನಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ಕೆರೆದು, ಕ್ಷಾರದಲ್ಲಿ ಕುದಿಸಿ, ಅದರ ಕೊಬ್ಬನ್ನು ಬೇರ್ಪಡಿಸಿ ಒಂದು ಹನಿ ಯಂತ್ರಕ್ಕೆ ಚುಚ್ಚಬೇಕು. ಕೂದಲಿನಂಥ ಕೊಳವೆಯ ಸುರುಳಿಯಲ್ಲಿ ಅದು ಆವಿಯಾಗಿ ಸಾಗಿ, ಒಂದೊಂದು ಬಗೆಯ ಕೊಬ್ಬು ಒಂದೊಂದು ಹೊತ್ತಿಗೆ ಹೊರಬೀಳುತ್ತದೆ. ಪರದೆಯ ಮೇಲೆ ಚೂಪು ಗೆರೆಗಳು ಏಳುತ್ತವೆ. ಕಂಪ್ಯೂಟರ್ ಆ ಗೆರೆಗಳನ್ನು ತನ್ನ ಸಂಗ್ರಹದ ಜೊತೆ ತಾಳೆ ನೋಡಿ, ಹೋಲುವ ಹೆಸರುಗಳನ್ನು ಒಂದರ ಕೆಳಗೊಂದು ಅಚ್ಚು ಹಾಕುತ್ತದೆ.

ಆ ಮಂಗಳವಾರ, ವಾರಗಟ್ಟಲೆ ಜ್ವರ ಬಿಡದ ರೋಗಿಯೊಬ್ಬನ ರಕ್ತದಿಂದ ಬೆಳೆದ ಪ್ಲೇಟಿನ ಫಲಿತಾಂಶ ಬಂತು. ಪಟ್ಟಿಯಲ್ಲಿ ಮೊದಲ ಹೆಸರು ಮಣ್ಣುನೀರಿನಲ್ಲಿರುವ ಒಂದು ಸಾಧು ಬ್ಯಾಕ್ಟೀರಿಯಾದ್ದು. ಎರಡನೆಯದು ಬ್ರುಸೆಲ್ಲಾ. ದನಗಳು ಗರ್ಭ ಜಾರಿ ಕಂದು ಹಾಕುವುದು ಹೆಚ್ಚಾಗಿ ಅದರಿಂದಲೇ. ಉಸಿರಿನಲ್ಲಿ ಒಳಹೋದರೆ ಮನುಷ್ಯರನ್ನೂ ಅದು ಬಿಡುವುದಿಲ್ಲ. ತಂಗಿ ಆ ಎರಡನೆಯ ಹೆಸರಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ಅಕ್ಕನ ಮೇಜಿಗೆ ಒಯ್ದಳು.

"ಮೊದಲನೇದು ಬಿಟ್ಟು ಎರಡನೇದು ಓದೋಕೆ ಯಾರು ಕಲಿಸಿದ್ರು ನಿಂಗೆ?" ಎಂದಳು ಅಕ್ಕ, ಲ್ಯಾಬಿನ ಉಳಿದ ಮೂವರು ಸಹೋದ್ಯೋಗಿಗಳಿಗೂ ಕೇಳುವಂತೆ.

"ಮೇಡಂ, ಎರಡಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ ಇರೋದು. ಮೊದಲನೇದಾಗಿದ್ರೆ ಒಂದೇ ದಿನಕ್ಕೆ ಬೆಳೀಬೇಕಿತ್ತು, ಇದು ನಾಲ್ಕು ದಿನ ತಗೊಂಡಿದೆ. ನಾನು ಕೆರೆದಿದ್ದೂ ಗಾಳಿ ಹೊರಗೆ ಬಿಡದ ಕ್ಯಾಬಿನೆಟ್ ಒಳಗೇ. ಇನ್ನು ಮೇಲೂ ಮುಚ್ಚಳ ಅಲ್ಲೇ ತೆಗೆಯೋಣ."

ಅಕ್ಕ ಎದ್ದು ಹೋಗಿ ಪ್ಲೇಟನ್ನು ತಂದಳು. ಎಲ್ಲರ ನಡುವೆ ಮೇಜಿನ ಮೇಲಿಟ್ಟು ಮುಚ್ಚಳ ಎತ್ತಿ ಮೂಸಿದಳು. "ಬರೀ ಮಣ್ಣು. ಬಾ, ನೀನೂ ಮೂಸು."

"ಮೇಡಂ, ನನಗೆ ಈಗ..."

"ಗೊತ್ತು ಬಿಡೇ. ಬಸುರಿಯಾದ್ರೆ ಮೂಗು ಉದುರಿಹೋಗತ್ತಾ?"

ಆರು ವರ್ಷ ಕಾದ ಮೇಲೆ ನಿಂತ ಗರ್ಭ, ಆಗಿನ್ನೂ ಮೂರು ತಿಂಗಳು. ಗಂಡನನ್ನು ಬಿಟ್ಟರೆ ಅಕ್ಕನೊಬ್ಬಳಿಗೇ ಅದನ್ನು ಹೇಳಿದ್ದಳು. ಮೂವರಲ್ಲಿ ಒಬ್ಬ ಕಿಸಕ್ಕೆಂದ. ತಂಗಿಯ ಕಿವಿ ಬಿಸಿಯಾಯಿತು. ಬಗ್ಗಿದಳು.

"ಹಾಗಲ್ಲ, ಸರಿಯಾಗಿ ಉಸಿರು ಎಳ್ಕೋ," ಎಂದಳು ಅಕ್ಕ.

ಎಳೆದುಕೊಂಡಳು.

ಎರಡು ವಾರಕ್ಕೆ ಮೈ ಕಾಯತೊಡಗಿತು. ಸಂಜೆಗೆ ಜ್ವರ, ಬೆಳಗಿಗೆ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಸೊಂಟ ಕತ್ತರಿಸಿದಂಥ ನೋವು. ಎದೆಯಲ್ಲಿ ಅನುಮಾನ ಕುಟುಕುತ್ತಿತ್ತು. "ಅಕ್ಕ, ನನ್ನ ರಕ್ತ ಒಂದ್ಸಲ ನೋಡಿಬಿಡೋಣ್ವಾ?" ಎಂದು ಕೇಳಿದಳು.

"ಬಸುರಿ ಅಂದ್ಮೇಲೆ ಮೈಕೈ ನೋವು ಇದ್ದಿದ್ದೇ. ಲೋಕದಲ್ಲಿ ನೀನೊಬ್ಬಳೇ ಹೆರೋದಾ?" ಎಂದು ಅಕ್ಕ ತನ್ನ ಕಡತ ತಿರುವಿದಳು. ಅಕ್ಕ ಹಾಗೆಂದ ಮೇಲೆ ಇರಬಹುದು ಎಂದುಕೊಂಡಳು ತಂಗಿ. ಏಳನೇ ವಯಸ್ಸಿನಿಂದ ಹಾಗೆಯೇ ಅಂದುಕೊಂಡು ಅಭ್ಯಾಸ.

ಪ್ಲೇಟು ಮೂಸಿದ ಹದಿನೇಳನೇ ದಿನ ಗರ್ಭ ಹೋಯಿತು.

ಮರುದಿನ ಮಧ್ಯಾಹ್ನ ಅಕ್ಕ ವಾರ್ಡಿಗೆ ಬಂದಳು. ಸ್ಟೂಲು ಎಳೆದು ಕುಳಿತು, ತಂಗಿಯ ಕೈ ಹಿಡಿದು ಅತ್ತಳು. ಅದು ನಾಟಕವಾಗಿರಲಿಲ್ಲ. ಬಿಕ್ಕುತ್ತ ಬಿಳಿ ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡಳು. ಆ ಬಟ್ಟೆಯ ಮೇಲೆ ಕಿತ್ತಳೆ ಬಣ್ಣದ ಕಲೆಗಳು ಬಿದ್ದಿದ್ದನ್ನು ತಂಗಿ ಮಲಗಿದಲ್ಲಿಂದಲೇ ನೋಡಿದಳು. ರಿಫಾಂಪಿಸಿನ್ ಮಾತ್ರೆ ನುಂಗುವವರ ಕಣ್ಣೀರಿಗೆ ಆ ಬಣ್ಣ ಇರುತ್ತದೆಂಬುದು ಲ್ಯಾಬಿನಲ್ಲಿ ದುಡಿದ ಎಲ್ಲರಿಗೂ ಗೊತ್ತು. ಬ್ರುಸೆಲ್ಲಾ ಮೈಗೆ ಹತ್ತದಂತೆ ಮುಂಚೆಯೇ ನುಂಗುವ ಮಾತ್ರೆಗಳಲ್ಲಿ ಅದೂ ಒಂದು.

"ಮಾತ್ರೆ ಶುರು ಮಾಡಿ ಎಷ್ಟು ದಿನ ಆಯ್ತಕ್ಕ?"

ಅಕ್ಕ ಕರ್ಚೀಫನ್ನು ಮುಷ್ಟಿಯೊಳಗೆ ಮುದುರಿದಳು. "ಯಾವ ಮಾತ್ರೆ?"

"ಕೈ ಬಿಚ್ಚು."

ಅಕ್ಕ ಬಿಚ್ಚಲಿಲ್ಲ. "ಅವತ್ತು ಸಂಜೆ ಡಾಕ್ಟರು ಫೋನ್ ಮಾಡಿದ್ರು. ರೋಗಿ ದನದ ವ್ಯಾಪಾರಿಯಂತೆ, ಹಸಿ ಹಾಲು ಕುಡೀತಿದ್ನಂತೆ. ಆಮೇಲೆ ನೀನು ಕೊಟ್ಟ ಹಾಳೆ ಮತ್ತೆ ನೋಡಿದೆ."

"ಅವನಿಗೆ ಔಷಧ ಬದಲಾಯ್ತಾ?"

"ಅವತ್ತೇ ಬದಲಾಯಿಸಿದ್ರು."

"ಅವನಿಗೆ ಕೊಡಿಸಿದೆ. ನೀನು ತಗೊಂಡೆ."

"ನಿಂಗೆ ಹೇಳಿದ್ರೆ ನಾವು ಮೂಸಿದ್ದನ್ನ ರಿಜಿಸ್ಟರಲ್ಲಿ ಬರೀಬೇಕಿತ್ತು ಕಣೇ. ತನಿಖೆ ಆಗೋದು. ಮುಂದಿನ ತಿಂಗಳು ನನ್ನ ಬಡ್ತಿ ಇದೆ. ಅದೂ ಅಲ್ದೆ, ಬಸುರೀಲಿ ನಿಂಗೆ ಯಾವ ಮಾತ್ರೆ ಕೊಡೋಕಾಗ್ತಿತ್ತು?"

"ಬೇರೆ ಇತ್ತು. ಡಾಕ್ಟರನ್ನ ಕೇಳಿದ್ರೆ ಹೇಳ್ತಿದ್ರು."

ತಂಗಿ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಗಂಟೆ ಒತ್ತಿ ನರ್ಸನ್ನು ಕರೆದು, ತನ್ನ ರಕ್ತ ತೆಗೆಯಲು ಹೇಳಿದಳು.

ಆ ರಕ್ತದಲ್ಲಿ ಬೆಳೆದದ್ದೂ ಅದೇ. ಯಂತ್ರದಲ್ಲಿ ಎದ್ದ ಗೆರೆಗಳೂ ಅವೇ. ತಂಗಿ ದೂರು ಕೊಟ್ಟಳು, ತನಿಖೆಯೂ ನಡೆಯಿತು. ಪೆನ್ಸಿಲ್ ಗೆರೆಯಿದ್ದ ಹಾಳೆ ಕಡತದಲ್ಲಿ ಸಿಗಲಿಲ್ಲ. ಮೂವರು ಸಹೋದ್ಯೋಗಿಗಳೂ "ನಾವು ನಮ್ಮ ಕೆಲಸದಲ್ಲಿದ್ವಿ, ನೋಡ್ಲಿಲ್ಲ" ಎಂದರು. ಕಿಸಕ್ಕೆಂದವನೂ ಹಾಗೇ ಹೇಳಿದ. ಕಂಪ್ಯೂಟರಿನಲ್ಲಿ ಉಳಿದಿದ್ದ ಅಂದಿನ ದಾಖಲೆಯನ್ನು ತನಿಖಾ ಸಮಿತಿಯವರು ತೆಗೆಸಿದರು. ಮೊದಲು ಸಾಧು ಬ್ಯಾಕ್ಟೀರಿಯಾದ ಹೆಸರು ಇದ್ದುದರಿಂದ ತಪ್ಪು ಯಂತ್ರದ್ದೇ ಎಂದು ಬರೆದು ಕೈತೊಳೆದುಕೊಂಡರು. ಅಕ್ಕನಿಗೆ ಬಡ್ತಿ ಸಿಕ್ಕಿತು. ತಂಗಿಯನ್ನು ವಿಶ್ರಾಂತಿಯ ನೆಪದಲ್ಲಿ ಸ್ಯಾಂಪಲ್ ತೆಗೆದುಕೊಳ್ಳುವ ಕೌಂಟರಿಗೆ ಹಾಕಿದರು.

ಒಂದು ಭಾನುವಾರ ಬೆಳಿಗ್ಗೆ ಅಕ್ಕ ಹಣ್ಣಿನ ಚೀಲ ಹಿಡಿದು ಮನೆಗೆ ಬಂದಳು. ತಂಗಿ ಬಾಗಿಲಲ್ಲೇ ಅಡ್ಡ ನಿಂತಳು.

"ಇನ್ನೂ ವಯಸ್ಸಿದೆ, ಇನ್ನೊಂದು ಆಗತ್ತೆ ಬಿಡು," ಎಂದಳು ಅಕ್ಕ. "ನಾನು ಸಾಕಿದವಳಲ್ವೇನೇ ನಿನ್ನ?"

"ಅದು ಹೆಣ್ಣಾಗಿತ್ತಂತೆ ಅಕ್ಕ," ಎಂದಳು ತಂಗಿ ಮೆತ್ತಗೆ. "ನಿನ್ನ ಹೆಸರೇ ಇಡೋಣ ಅಂದ್ಕೊಂಡಿದ್ವಿ."

ಎರಡೂ ಸುಳ್ಳು. ಗಂಡೋ ಹೆಣ್ಣೋ ಎಂದು ಯಾರೂ ನೋಡಿರಲಿಲ್ಲ. ಹೆಸರಿನ ಮಾತು ಗಂಡ ಹೆಂಡಿರ ನಡುವೆ ಬಂದೇ ಇರಲಿಲ್ಲ. ಅಕ್ಕ ಚೀಲವನ್ನು ಕೆಳಗಿಟ್ಟು, ಗೋಡೆ ಹಿಡಿದು ಮೆಲ್ಲಗೆ ಮೆಟ್ಟಿಲ ಮೇಲೆ ಕುಸಿದಳು. ತಂಗಿ ಅದನ್ನು ಕೊನೆಯವರೆಗೂ ನೋಡಿ ಬಾಗಿಲು ಹಾಕಿದಳು.